ಮಂಡಿ ಸವೆದ ಮೇಲೂ ವ್ಯಾಯಾಮ ಬಿಟ್ಟಿಲ್ಲ: ನನ್ನ ಅನುಭವ

ಮಂಡಿ ನೋವು ಅಂದ ಕೂಡಲೇ "ವ್ಯಾಯಾಮ ಮಾಡಿ" ಅನ್ನುವವರಿಗೆ ಬರವಿಲ್ಲ. ನೋಯುವ ಕಾಲನ್ನೇ ಇಟ್ಟುಕೊಂಡು ದಿನಾ ಅದನ್ನು ಮಾಡೋದು ಹೇಗೆ ಅಂತ ಹೇಳುವವರು ಮಾತ್ರ ಅಪರೂಪ. ನನ್ನ ಎರಡೂ ಮಂಡಿಗಳಲ್ಲಿ ಸವೆತ ಇದೆ, ಬಲಗಡೆ ಜಾಸ್ತಿ. ಆದರೂ ಕೆಲವು ವರ್ಷಗಳಿಂದ ವ್ಯಾಯಾಮ ನಡೆದುಕೊಂಡು ಬಂದಿದೆ. ನನಗೆ ಮನಸ್ಸು ಗಟ್ಟಿ ಅಂತ ಕೆಲವರು ತಿಳಿದಿದ್ದಾರೆ. ಅಂಥದ್ದೇನೂ ಇಲ್ಲ. ಯಾವ ನೋವಿಗೆ ನಿಲ್ಲಿಸಬೇಕು, ಯಾವುದಕ್ಕೆ ಬೇಕಿಲ್ಲ ಅನ್ನೋದು ಗೊತ್ತಾಯಿತು. ಹೆದರಿಕೆ ಹೋಯಿತು. ಹೆದರಿಕೆ ಹೋದ ಮೇಲೆ ಸೋಮಾರಿತನ ಒಂದೇ ಉಳಿಯುತ್ತದೆ, ಅದನ್ನು ಹೇಗೋ ನಿಭಾಯಿಸಬಹುದು.

ಮೊದಲೇ ಸವೆದ ಕೀಲನ್ನು ಆಡಿಸಿದಷ್ಟೂ ಸವೆಯುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಫಿಸಿಯೋಥೆರಪಿಸ್ಟ್ ಎರಡು ವಿಷಯ ಬಿಡಿಸಿ ಹೇಳಿದರು. ಒಂದು, ಕೀಲಿನೊಳಗಿನ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿಗಳನ್ನು ಮುಚ್ಚಿರುವ ನುಣುಪಾದ ಪದರಕ್ಕೆ, ರಕ್ತನಾಳಗಳಿಲ್ಲ. ಅದಕ್ಕೆ ಪೋಷಣೆ ಸಿಗೋದು ಮುಖ್ಯವಾಗಿ ಕೀಲಿನೊಳಗಿನ ದ್ರವದಿಂದ. ಭಾರ ಬಿದ್ದಾಗ ಹಿಂಡಿ, ಭಾರ ಇಳಿದಾಗ ಹೀರಿಕೊಳ್ಳುತ್ತದೆ, ಸ್ಪಂಜಿನ ಹಾಗೆ. ಸುಮ್ನೆ ಕೂತರೆ ಅದಕ್ಕೂ ಉಪವಾಸ. ಎರಡು, ಮಂಡಿ ನೋವಿದ್ದಾಗ ತೊಡೆಯ ಮುಂಭಾಗದ ಸ್ನಾಯು ಬೇಗ ಬಲ ಕಳೆದುಕೊಳ್ಳುತ್ತದೆ. ಸ್ನಾಯು ಹೊರದ ಭಾರ ಕೀಲಿನ ಮೇಲೆ ಬೀಳುತ್ತದೆ, ನೋವು ಇನ್ನೂ ಹೆಚ್ಚುತ್ತದೆ.

ನೋವಿಗೆ ಅವರು ಕೊಟ್ಟ ಲೆಕ್ಕ ಹೀಗಿದೆ. ಸೊನ್ನೆಯಿಂದ 10ರವರೆಗೆ ಅಂಕ ಕೊಡಬೇಕು. ವ್ಯಾಯಾಮದ ಹೊತ್ತಿಗೆ 5ರವರೆಗೆ ನೋವು ಬಂದರೂ ಪರವಾಗಿಲ್ಲ, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸಾಕು. ಇಳಿಯದಿದ್ದರೆ ಮುಂದಿನ ಸಲ ಕಡಿಮೆ ಮಾಡಬೇಕು, ಪೂರ್ತಿ ಬಿಡಬಾರದು. ಹಾಗಾಗಿ ಮಾಡುವಾಗ ಎಷ್ಟು ನೋವಾಯಿತು ಅನ್ನೋದಕ್ಕಿಂತ ಮಾರನೆಯ ದಿನ ಮಂಡಿ ಏನನ್ನುತ್ತದೆ ಅಂತ ನೋಡುತ್ತೇನೆ. ಎಕ್ಸ್-ರೇಯನ್ನು ಮಾತ್ರ ಮತ್ತೆ ಮತ್ತೆ ತೆಗೆದು ನೋಡೋದಿಲ್ಲ. ಫಿಲ್ಮಿನಲ್ಲಿ ಕಾಣುವ ಸವೆತಕ್ಕೂ ಕಾಲಿನ ನೋವಿಗೂ ಎಷ್ಟೋ ಸಲ ತಾಳೆಯೇ ಆಗೋದಿಲ್ಲ.

ನನ್ನ ಮುಖ್ಯ ವ್ಯಾಯಾಮ ಕುರ್ಚಿಯಿಂದ ಏಳೋದು, ಕೂರೋದು. ಕೇಳಿದರೆ ನಗು ಬರಬಹುದು, ಸರಿಯಾಗಿ ಮಾಡಿದರೆ ತೊಡೆ ನಡುಗುತ್ತದೆ. ಚಕ್ರವಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡುತ್ತೇನೆ. ಅಂಚಿಗೆ ಸರಿದು ಕೂತು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಮಂಡಿಗಳು ಒಳಕ್ಕೆ ವಾಲಬಾರದು. ನಿಜವಾದ ಕೆಲಸ ಇರೋದು ಕೂರುವಾಗ. ದೊಪ್ಪನೆ ಬೀಳದೆ, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ನಿಧಾನಕ್ಕೆ ಇಳಿಯಬೇಕು. ಶುರುವಿನಲ್ಲಿ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿಕೊಂಡಿದ್ದೆ, ಕೈ ಊರಿ ಏಳುತ್ತಿದ್ದೆ. ಆಮೇಲೆ ಕೈ ಬಿಟ್ಟೆ. ಮುಂದೆ ಒಂದು ದಿಂಬು ಹೋಯಿತು, ಇನ್ನಷ್ಟು ದಿನಕ್ಕೆ ಇನ್ನೊಂದು.

ನಾನು ವ್ಯಾಯಾಮ ಬಿಡದಂತೆ ನೋಡಿಕೊಂಡದ್ದು ಈ ದಿಂಬುಗಳ ಲೆಕ್ಕವೇ. ನೋವನ್ನೇ ಅಳತೆಗೋಲು ಮಾಡಿಕೊಂಡಿದ್ದರೆ ಎಂದೋ ಕೈಬಿಡುತ್ತಿದ್ದೆ. ನೋವು ಒಂದು ದಿನ ಏರುತ್ತದೆ, ಒಂದು ದಿನ ಇಳಿಯುತ್ತದೆ, ಕಾರಣವೂ ಗೊತ್ತಾಗೋದಿಲ್ಲ. ಕೈ ಊರದೆ ಎದ್ದೆನಾ, ಮೆಟ್ಟಿಲಿಗೆ ಒಂದೊಂದೇ ಕಾಲಿಟ್ಟು ಹತ್ತಿದೆನಾ ಅನ್ನೋದು ಕಣ್ಣಿಗೆ ಕಾಣುವ ಲೆಕ್ಕ. ಆದರೆ ಅದು ಕಾಣೋದಕ್ಕೂ ವಾರಗಟ್ಟಲೆ ಬೇಕು. ಹತ್ತು ದಿನ ಮಾಡಿ ಏನೂ ಆಗಲಿಲ್ಲ ಅನ್ನುವವರನ್ನು ಕಂಡರೆ ನನಗೆ ಕೆಟ್ಟದೆನಿಸುತ್ತದೆ. ಸ್ನಾಯುವಿಗೆ 8ರಿಂದ 12 ವಾರ ಕೊಡಿ.

ಕೆಟ್ಟ ದಿನಗಳು ಬಂದೇ ಬರುತ್ತವೆ. ಮಂಡಿ ಊದಿಕೊಂಡು ಬಿಸಿಯಾಗಿದ್ದರೆ ಕುರ್ಚಿ ಮುಟ್ಟೋದಿಲ್ಲ. ಮಲಗಿದಲ್ಲೇ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಒತ್ತಿ, 5 ಸೆಕೆಂಡ್ ತೊಡೆ ಬಿಗಿ ಹಿಡಿದು ಬಿಡುತ್ತೇನೆ. ಅಷ್ಟೇ ಆ ದಿನದ ಪಾಲು. ಅದನ್ನೂ ಎಂದಿನ ಹೊತ್ತಿಗೇ ಮಾಡುತ್ತೇನೆ. ಒಂದು ದಿನ ರಜೆ ಕೊಟ್ಟರೆ ಎರಡನೆಯ ದಿನ ತಾನಾಗೇ ಬರುತ್ತದೆ, ಅದು ಎಲ್ಲರಿಗೂ ಗೊತ್ತಿರೋದೇ. ಬೆಳಿಗ್ಗೆ ಎದ್ದ ಕೂಡಲೇ ಶುರು ಮಾಡುವ ಹುರುಪೂ ನನಗಿಲ್ಲ. ಈ ಕಾಯಿಲೆಯಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಅಲ್ಲಿಯವರೆಗೆ ಮನೆಯೊಳಗೇ ಓಡಾಡಿಕೊಂಡಿರುತ್ತೇನೆ.

ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಕೇಳಿ ಮೊದಲು ಎದೆ ಧಸಕ್ಕೆಂದಿತ್ತು. ಒಂದೇ ಸಮನೆ ಕನಿಷ್ಠ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಅನ್ನುವ ಷರತ್ತನ್ನು 2020ರಲ್ಲಿ ಅವರೇ ಕೈಬಿಟ್ಟಿದ್ದಾರೆ. ಚೂರುಪಾರು ನಡೆದದ್ದೂ ಜಮಾ ಆಗುತ್ತದೆ. ನಡಿಗೆ ಬೇಡವೆನಿಸಿದ ದಿನ ನಿಂತಲ್ಲೇ ತುಳಿಯುವ ಸೈಕಲ್. ಪೆಡಲ್ ಕೆಳಕ್ಕೆ ಹೋದಾಗ ಕಾಲು ಹೆಚ್ಚುಕಡಿಮೆ ನೀಳವಾಗುವಷ್ಟು ಸೀಟು ಎತ್ತರವಿರಲಿ, ತಗ್ಗಿದ್ದರೆ ಮಂಡಿ ಕೇಳೋದಿಲ್ಲ. ಜೊತೆಗಾರರು ಸಿಕ್ಕರೆ ಒಳ್ಳೆಯದೇ. "ಪಾಪ, ಇವತ್ತು ಬೇಡ ಬಿಡಿ" ಅನ್ನುವವರನ್ನು ಮಾತ್ರ ಜೊತೆಗೆ ಕಟ್ಟಿಕೊಳ್ಳಬೇಡಿ.

ಮಂಡಿ ಇದ್ದಕ್ಕಿದ್ದಂತೆ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಕುಸಿದರೆ, ಕೆಂಪಗಾಗಿ ಜ್ವರ ಬಂದರೆ ಈ ಅಂಕದ ಲೆಕ್ಕ ನಡೆಯೋದಿಲ್ಲ, ಡಾಕ್ಟರ ಹತ್ತಿರ ಹೋಗಬೇಕು. ದೂರ ನಡೆಯುವ ದಿನ ನಾನು ಕೋಲು ಹಿಡಿಯುತ್ತೇನೆ, ನಾಚಿಕೆಯೇನೂ ಇಲ್ಲ. ಬಲಮಂಡಿಗೆ ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಹಳ ಜನ ನೋವಿರುವ ಕಡೆಯೇ ಹಿಡಿದು ವಾಲಿಕೊಂಡು ಹೋಗುತ್ತಾರೆ.