ಒಂದೇ ಎಕ್ಸೆಲ್ ಫೈಲ್, ಅವರವರ ಲೆಕ್ಕ ಅವರವರಿಗೆ

ಕಲಬುರಗಿ ಗಂಜ್‌ನಲ್ಲಿ ತೊಗರಿ ಸೀಸನ್ ಶುರುವಾದರೆ ಅಡತಿ ಅಂಗಡಿಯ ಕಂಪ್ಯೂಟರ್‌ಗೆ ಬಿಡುವೇ ಇರುವುದಿಲ್ಲ. ಆಳಂದ ಕಡೆಯ ಖರೀದಿ ಒಬ್ಬರು ನೋಡುತ್ತಾರೆ, ಸೇಡಂ ಇನ್ನೊಬ್ಬರು, ಚಿಂಚೋಳಿ ಮತ್ತೊಬ್ಬರು. ಎಂಟ್ರಿ ಎಲ್ಲ ಹೋಗಿ ಸೇರುವುದು ಒಂದೇ ಡೇಟಾಬೇಸ್‌ಗೆ, ನೋಡುವುದು ಒಂದೇ ಎಕ್ಸೆಲ್ ಫೈಲ್‌ನಲ್ಲಿ. ಆದರೆ ಆಳಂದದವರು ತೆಗೆದರೆ ಆಳಂದದ ಸಾಲು ಮಾತ್ರ ಬರಬೇಕು. ಪ್ರತಿಯೊಬ್ಬರಿಗೂ ಬೇರೆ ಬೇರೆ ಫೈಲ್ ಮಾಡಿಕೊಟ್ಟರೆ ಯಾವುದು ಹೊಸದು, ಯಾವುದು ಹಳೆಯದು ಅನ್ನುವುದರಲ್ಲೇ ಸೀಸನ್ ಮುಗಿದುಹೋಗುತ್ತದೆ. ಹಾಗಾಗಿ ಫೈಲ್ ಒಂದೇ ಇರಲಿ, ಕಂಪ್ಯೂಟರ್ ಮುಂದೆ ಕೂತಿರುವುದು ಯಾರು ಅಂತ ನೋಡಿ ಕ್ವೆರಿಯೇ, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಆದೇಶವೇ, ಸಾಲುಗಳನ್ನು ಸೋಸಲಿ.

ಎಕ್ಸೆಲ್ ತೆಗೆಯುವ ಮುಂಚೆ ಒಂದು ಕೆಲಸ ಇದೆ. ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ ಎಲ್ಲರೂ 'ಅಡ್ಮಿನ್' ಅನ್ನುವ ಒಂದೇ ವಿಂಡೋಸ್ ಲಾಗಿನ್‌ನಲ್ಲಿ ಕೂರುತ್ತಾರೆ, ಪಾಸ್‌ವರ್ಡ್ ಮಾನಿಟರ್ ಮೇಲೆ ಚೀಟಿಯಲ್ಲಿ ಅಂಟಿಸಿರುತ್ತದೆ. ಹಾಗಿದ್ದರೆ ಮುಂದಿನದು ಯಾವುದೂ ನಡೆಯುವುದಿಲ್ಲ, ಏಕೆಂದರೆ ಕಂಪ್ಯೂಟರ್‌ಗೆ ಎಲ್ಲರೂ ಒಬ್ಬರೇ. ಮೊದಲು ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಡಿ.

ಆಮೇಲೆ ಡೇಟಾಬೇಸ್‌ನಲ್ಲಿ ಒಂದು ಸಣ್ಣ ಟೇಬಲ್ ಮಾಡಿ, 'ಹಂಚಿಕೆ' ಅಂತ ಇಟ್ಟುಕೊಳ್ಳೋಣ. ಎರಡೇ ಕಾಲಂ: ಲಾಗಿನ್ ಮತ್ತು ತಾಲ್ಲೂಕು. ಖರೀದಿ ಟೇಬಲ್‌ನ ಪ್ರತಿ ಸಾಲಿಗೂ ನೌಕರನ ಲಾಗಿನ್ ಬರೆಯುತ್ತಾ ಹೋಗುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆಳಂದ ನೋಡುತ್ತಿದ್ದವರು ಕೆಲಸ ಬಿಟ್ಟು ಹೊಸಬರು ಬಂದಾಗ ಹಂಚಿಕೆಯಲ್ಲಿ ಒಂದು ಸಾಲು ಬದಲಿಸಿದರೆ ಸಾಕು, ಹಳೆಯ ಖರೀದಿಯೆಲ್ಲ ತಾನಾಗಿಯೇ ಅವರಿಗೆ ಕಾಣುತ್ತದೆ. ಮಾಲೀಕರಿಗೆ ಎಲ್ಲಾ ಕಾಣಬೇಕು ಅಲ್ವಾ? ಅವರ ಲಾಗಿನ್ ಎದುರು ಪ್ರತಿ ತಾಲ್ಲೂಕಿಗೂ ಒಂದೊಂದು ಸಾಲು ಹಾಕಿ, ಬೇರೆ ಏನೂ ಬೇಡ. ಟೇಬಲ್, ಕಾಲಂ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಕಿರಿಕಿರಿ ಕಡಿಮೆ.

ಈಗ ಎಕ್ಸೆಲ್. ಡೇಟಾ ಟ್ಯಾಬ್, ಗೆಟ್ ಡೇಟಾ, ಫ್ರಮ್ ಅದರ್ ಸೋರ್ಸಸ್, ಅಲ್ಲಿ ಫ್ರಮ್ ಮೈಕ್ರೋಸಾಫ್ಟ್ ಕ್ವೆರಿ. ಡೇಟಾಬೇಸ್ ಆರಿಸುವಾಗ ಕೆಳಗಿರುವ ಕ್ವೆರಿ ವಿಝಾರ್ಡ್ ಟಿಕ್ ತೆಗೆಯಿರಿ. ಖರೀದಿ, ಹಂಚಿಕೆ ಎರಡೂ ಟೇಬಲ್ ಸೇರಿಸಿ, ಒಂದರ ತಾಲ್ಲೂಕು ಕಾಲಂ ಹಿಡಿದು ಇನ್ನೊಂದರ ತಾಲ್ಲೂಕಿನ ಮೇಲೆ ಎಳೆದುಬಿಡಿ, ನಡುವೆ ಗೆರೆ ಬರುತ್ತದೆ. ವ್ಯೂ ಮೆನುವಿನಲ್ಲಿ ಕ್ರೈಟೀರಿಯಾ ಆನ್ ಮಾಡಿ, ಫೀಲ್ಡ್ ಜಾಗದಲ್ಲಿ ಲಾಗಿನ್ ಕಾಲಂ ಆರಿಸಿ, ಅದರ ಕೆಳಗಿನ ವ್ಯಾಲ್ಯೂ ಜಾಗದಲ್ಲಿ ಚೌಕ ಕಂಸದೊಳಗೆ ಯಾವುದಾದರೂ ಒಂದು ಪದ ಬರೆಯಿರಿ. ಚೌಕ ಕಂಸ ಇದ್ದರೆ ಅದು ಪ್ಯಾರಾಮೀಟರ್, ಅಂದರೆ ಆಮೇಲೆ ತುಂಬಿಸುವ ಖಾಲಿ ಜಾಗ. ಕ್ವೆರಿಯನ್ನು ಆದಷ್ಟು ಸರಳವಾಗಿ ಇಡಿ. ಚಿತ್ರದಂತೆ ತೋರಿಸಲಾಗದ ಜಟಿಲ ಕ್ವೆರಿಯಲ್ಲಿ ಮೈಕ್ರೋಸಾಫ್ಟ್ ಕ್ವೆರಿ ಪ್ಯಾರಾಮೀಟರ್ ಒಪ್ಪುವುದೇ ಇಲ್ಲ.

ಡೇಟಾ ಶೀಟ್‌ಗೆ ಬಂದ ಮೇಲೆ ಕನೆಕ್ಷನ್ ಪ್ರಾಪರ್ಟೀಸ್, ಡೆಫಿನಿಷನ್ ಟ್ಯಾಬ್, ಪ್ಯಾರಾಮೀಟರ್ಸ್ ಬಟನ್. ಮೂರು ಆಯ್ಕೆ ಇರುತ್ತವೆ, ಮೂರನೆಯದು ಆರಿಸಿ, ಅಂದರೆ ಪ್ಯಾರಾಮೀಟರ್‌ನ ಮೌಲ್ಯವನ್ನು ಒಂದು ಸೆಲ್‌ನಿಂದ ತೆಗೆದುಕೊಳ್ಳುವುದು. ಆ ಸೆಲ್‌ನಲ್ಲಿ ವಿಂಡೋಸ್ ಲಾಗಿನ್ ಹೆಸರು ಇರಬೇಕು. ಕ್ವೆರಿಗೆ ಅಷ್ಟೇ ಸಾಕು.

ಆ ಹೆಸರು ಸೆಲ್‌ಗೆ ಬರುವುದು ಹೇಗೆ ಅನ್ನುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಎಕ್ಸೆಲ್‌ಗೆ ಇದಕ್ಕೆ ಸಿದ್ಧ ಫಾರ್ಮುಲಾ ಇಲ್ಲ, ಮ್ಯಾಕ್ರೋ ಬೇಕು, ಅಂದರೆ ಫೈಲ್ ಒಳಗೇ ಬರೆದಿಡುವ ಸಣ್ಣ ಪ್ರೋಗ್ರಾಂ. ಮ್ಯಾಕ್ರೋದಲ್ಲಿ ಎರಡು ದಾರಿ ಕಾಣುತ್ತವೆ. 'ಅಪ್ಲಿಕೇಷನ್ ಡಾಟ್ ಯೂಸರ್‌ನೇಮ್' ಬಳಸಬೇಡಿ, ಅದು ಎಕ್ಸೆಲ್ ಆಪ್ಷನ್ಸ್‌ನ ಜನರಲ್ ಪುಟದಲ್ಲಿ ಬರೆದಿರುವ ಹೆಸರು, ಯಾರು ಬೇಕಾದರೂ ಅಲ್ಲಿ ಹೋಗಿ ಬದಲಿಸಬಹುದು. ಬೇಕಾಗಿರುವುದು 'ಎನ್ವಿರಾನ್' ಫಂಕ್ಷನ್, ಅದಕ್ಕೆ ಕೋಟ್ ಹಾಕಿ 'ಯೂಸರ್‌ನೇಮ್' ಅಂತ ಕೊಟ್ಟರೆ ವಿಂಡೋಸ್ ಲಾಗಿನ್ ಹೆಸರು ಸಿಗುತ್ತದೆ.

ಇದನ್ನೇ ಒಂದು ಸ್ವಂತ ಫಂಕ್ಷನ್ ಮಾಡಿ ಸೆಲ್‌ನಲ್ಲಿ ಫಾರ್ಮುಲಾದಂತೆ ಹಾಕುವವರು ಬಹಳ. ನೋಡಲು ಚಂದ, ಆದರೆ ಅಪಾಯ ಇದೆ: ಅಂಥ ಫಾರ್ಮುಲಾ ಫೈಲ್ ತೆಗೆದಾಗ ತಾನಾಗಿ ಮತ್ತೆ ಲೆಕ್ಕ ಹಾಕಬೇಕೆಂದಿಲ್ಲ. ಚಿಂಚೋಳಿಯವರು ಸೇವ್ ಮಾಡಿ ಹೋದರೆ ಆ ಸೆಲ್‌ನಲ್ಲಿ ಅವರ ಹೆಸರೇ ಕೂತಿರುತ್ತದೆ, ಮರುದಿನ ಬೆಳಿಗ್ಗೆ ಸೇಡಂನವರು ತೆಗೆದರೆ ಚಿಂಚೋಳಿಯ ರೈತರ ಹೆಸರು, ಫೋನ್ ನಂಬರ್, ಕ್ವಿಂಟಾಲ್‌ಗೆ ಕೊಟ್ಟ ರೇಟು ಎಲ್ಲ ಕಣ್ಣೆದುರು. ಅದಕ್ಕೇ ಥಿಸ್‌ವರ್ಕ್‌ಬುಕ್‌ನ ಓಪನ್ ಈವೆಂಟ್‌ನಲ್ಲಿ (ಫೈಲ್ ತೆಗೆದ ಕೂಡಲೇ ತಾನಾಗಿ ಓಡುವ ಮ್ಯಾಕ್ರೋ) ಎರಡು ಸಾಲು ಬರೆಯಿರಿ. ಮೊದಲನೆಯದು ಎನ್ವಿರಾನ್ ಕೊಟ್ಟ ಹೆಸರನ್ನು ಸೆಲ್‌ಗೆ ಹಾಕುವುದು, ಎರಡನೆಯದು 'ರಿಫ್ರೆಶ್‌ಆಲ್' ಕರೆಯುವುದು, ಅಂದರೆ ಡೇಟಾ ಹೊಸದಾಗಿ ತರಿಸುವುದು. ಸೇವ್ ಆಗುವ ಮುಂಚಿನ ಬಿಫೋರ್‌ಸೇವ್ ಈವೆಂಟ್‌ನಲ್ಲಿ ಆ ಸೆಲ್ ಖಾಲಿ ಮಾಡಿಬಿಡಿ. ಕನೆಕ್ಷನ್ ಪ್ರಾಪರ್ಟೀಸ್‌ನ ಯೂಸೇಜ್ ಟ್ಯಾಬ್‌ನಲ್ಲಿ ಬ್ಯಾಕ್‌ಗ್ರೌಂಡ್ ರಿಫ್ರೆಶ್ ಟಿಕ್ ತೆಗೆಯಿರಿ. ಫೈಲ್ ತೆಗೆದಾಗ ರಿಫ್ರೆಶ್ ಮಾಡು ಅನ್ನುವುದಕ್ಕೆ ಟಿಕ್ ಹಾಕಿ, ಆಗ ಅದರ ಕೆಳಗೆ ಇನ್ನೊಂದು ಟಿಕ್ ಜೀವ ಪಡೆಯುತ್ತದೆ: ಸೇವ್ ಮಾಡುವ ಮುಂಚೆ ಹೊರಗಿನ ಡೇಟಾ ತೆಗೆದುಹಾಕು. ಇದನ್ನು ಮರೆಯಲೇಬೇಡಿ. ಇದು ಇಲ್ಲದಿದ್ದರೆ ಮ್ಯಾಕ್ರೋ ಎಷ್ಟೇ ಸರಿ ಇದ್ದರೂ, ಮ್ಯಾಕ್ರೋ ಬಂದ್ ಮಾಡಿ ಫೈಲ್ ತೆಗೆದವರಿಗೆ ಹಿಂದಿನವರ ಸಾಲುಗಳು ಹಾಗೇ ಕಾಣುತ್ತವೆ.

ಫೈಲನ್ನು ಮ್ಯಾಕ್ರೋ ಸಹಿತ ವರ್ಕ್‌ಬುಕ್ ಆಗಿಯೇ ಸೇವ್ ಮಾಡಿ. ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಕಳಿಸಿದರೆ, 2022ರಿಂದ ಮೈಕ್ರೋಸಾಫ್ಟ್ ಇಂಟರ್ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋ ತಡೆಯುತ್ತಿರುವುದರಿಂದ ಕೆಂಪು ಪಟ್ಟಿ ಬರುತ್ತದೆ, ಆಗ ಫೈಲ್ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಒತ್ತಬೇಕು. ಶೇರ್ ಫೋಲ್ಡರನ್ನು ಐಪಿ ನಂಬರ್ ಹಾಕಿ ತೆಗೆದರೂ ಇದೇ ಕಾಟ ಬರಬಹುದು, ಕಂಪ್ಯೂಟರ್ ಹೆಸರಿನಿಂದ ತೆಗೆಯಿರಿ.

ಡೇಟಾ ತರಿಸಲು ಎಕ್ಸೆಲ್‌ನಲ್ಲೇ ಇರುವ ಇನ್ನೊಂದು ಸಾಧನ ಪವರ್ ಕ್ವೆರಿ, ಅದನ್ನು ಬಳಸುವವರಿಗೆ ಒಂದು ಮಾತು. ಅದಕ್ಕೂ ಬಳಕೆದಾರ ಯಾರು ಅಂತ ಕೇಳುವ ಫಂಕ್ಷನ್ ಇಲ್ಲ. ಇದೇ ಸೆಲ್‌ಗೆ ಒಂದು ಹೆಸರು ಕೊಟ್ಟು ಅಲ್ಲಿಂದ ಓದಿಸಿಕೊಳ್ಳಬೇಕು. ಫೈರ್‌ವಾಲ್ ಅಂತ ಎರರ್ ಬಂದರೆ ಪ್ರೈವೆಸಿ ಲೆವೆಲ್ (ಡೇಟಾ ಮೂಲಗಳಿಗೆ ಕೊಟ್ಟಿರುವ ಗೋಪ್ಯತೆಯ ಮಟ್ಟ) ನೋಡಿ.

ಇಷ್ಟು ಮಾಡಿದರೆ ದಿನದ ಕೆಲಸಕ್ಕೆ ಅನುಕೂಲ. ಆದರೆ ಇದನ್ನು ಬೀಗ ಅಂತ ನಂಬಬೇಡಿ. ಆ ಸೆಲ್‌ನಲ್ಲಿ ಬೇರೆಯವರ ಲಾಗಿನ್ ಟೈಪ್ ಮಾಡಿ ರಿಫ್ರೆಶ್ ಒತ್ತಿದರೆ ಅವರ ಲೆಕ್ಕ ಬರುತ್ತದೆ. ಸೆಲ್ ಬಚ್ಚಿಟ್ಟರೂ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಯೂಸರ್‌ನೇಮ್ ಬದಲಿಸಿ ಅಲ್ಲಿಂದಲೇ ಎಕ್ಸೆಲ್ ಶುರು ಮಾಡಿದರೆ ಎನ್ವಿರಾನ್ ಆ ಸುಳ್ಳು ಹೆಸರನ್ನೇ ಕೊಡುತ್ತದೆ. ರೈತರ ಬ್ಯಾಂಕ್ ಖಾತೆ ನಂಬರ್ ಇರುವ ಟೇಬಲ್ ಆದರೆ ಇಷ್ಟಕ್ಕೇ ಬಿಡುವುದು ಸರಿಯಲ್ಲ.

ನಿಮ್ಮ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಆಗಿದ್ದರೆ ಸೋಸುವ ಕೆಲಸವನ್ನು ಅಲ್ಲೇ ಮಾಡಿಸಿ. ಖರೀದಿ ಮತ್ತು ಹಂಚಿಕೆ ಸೇರಿಸಿದ ಒಂದು ವ್ಯೂ (ಟೇಬಲ್‌ನಂತೆ ಓದಬಹುದಾದ, ಉಳಿಸಿಟ್ಟ ಕ್ವೆರಿ) ಮಾಡಿ, ಲಾಗಿನ್ ಕಾಲಂ 'ಸಿಸ್ಟಂ_ಯೂಸರ್'ಗೆ ಸಮ ಇರಬೇಕು ಅನ್ನುವ ಷರತ್ತು ಹಾಕಿ. ನೌಕರರಿಗೆ ಆ ವ್ಯೂ ಓದುವ ಅನುಮತಿ ಮಾತ್ರ ಕೊಡಿ, ಮೂಲ ಟೇಬಲ್‌ಗೆ ಕೊಡಬೇಡಿ. ಎಕ್ಸೆಲ್ ವಿಂಡೋಸ್ ಲಾಗಿನ್‌ನಿಂದಲೇ ಸರ್ವರ್‌ಗೆ ಹೋಗಬೇಕು. ಕನೆಕ್ಷನ್‌ನಲ್ಲಿ ಎಲ್ಲರಿಗೂ ಒಂದೇ ಸರ್ವರ್ ಪಾಸ್‌ವರ್ಡ್ ಬರೆದಿಟ್ಟರೆ ಸರ್ವರ್‌ಗೂ ಎಲ್ಲರೂ ಒಬ್ಬರೇ ಆಗುತ್ತಾರೆ. 'ಕರೆಂಟ್_ಯೂಸರ್' ಹಾಕಬೇಡಿ, ಅದು ಡೇಟಾಬೇಸ್ ಒಳಗಿನ ಹೆಸರು ಕೊಡುತ್ತದೆ. ಸಿಸ್ಟಂ_ಯೂಸರ್ ಹೆಸರಿನ ಮುಂದೆ ಡೊಮೈನ್ ಅಥವಾ ಕಂಪ್ಯೂಟರ್ ಹೆಸರು, ಓರೆ ಗೆರೆ (\) ಎರಡೂ ಸೇರಿ ಬರುತ್ತದೆ, ಹಂಚಿಕೆ ಟೇಬಲ್‌ನಲ್ಲೂ ಹಾಗೇ ಪೂರ್ತಿ ಬರೆಯಿರಿ. ಖಾಲಿ ಶೀಟ್ ಬಂತು ಅಂದರೆ ಮೊದಲು ಇದನ್ನೇ ನೋಡಿ. ಈ ದಾರಿಯಲ್ಲಿ ಸೆಲ್ಲೂ ಬೇಡ, ಮ್ಯಾಕ್ರೋನೂ ಬೇಡ, ಆದರೆ ಸೇವ್ ಮುಂಚೆ ಡೇಟಾ ತೆಗೆದುಹಾಕುವ ಆ ಟಿಕ್ ಇಲ್ಲಿಯೂ ಬೇಕೇ ಬೇಕು. ಎಸ್‌ಕ್ಯೂಎಲ್ ಸರ್ವರ್‌ನ 2016ರ ಆವೃತ್ತಿಯಿಂದ ರೋ ಲೆವೆಲ್ ಸೆಕ್ಯುರಿಟಿ (ಯಾರಿಗೆ ಯಾವ ಸಾಲು ಅಂತ ಸರ್ವರೇ ನೋಡಿಕೊಳ್ಳುವ ಸೌಲಭ್ಯ) ಅಂತಲೂ ಇದೆ, ಟೇಬಲ್ ಬಹಳ ಇದ್ದರೆ ಅದು ಒಳ್ಳೆಯದು.

ಡೇಟಾಬೇಸ್ ಆಗಿ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲ್ ಇಟ್ಟುಕೊಂಡವರಿಗೆ ಈ ದಾರಿ ಇಲ್ಲ. 2007ರಿಂದ ಬಂದ ಹೊಸ ಫೈಲ್ ಮಾದರಿಯಲ್ಲಿ ಬಳಕೆದಾರರ ಮಟ್ಟದ ಭದ್ರತೆಯೇ ಇಲ್ಲ, ಫೋಲ್ಡರ್ ತೆಗೆಯಬಲ್ಲವರು ಫೈಲ್ ಪೂರ್ತಿ ಓದಬಲ್ಲರು. ಎಸ್‌ಕ್ಯೂಎಲ್ ಸರ್ವರ್‌ನ ಎಕ್ಸ್‌ಪ್ರೆಸ್ ಆವೃತ್ತಿ ಉಚಿತ, ಒಂದು ಅಂಗಡಿಯ ಲೆಕ್ಕಕ್ಕೆ ಧಾರಾಳ ಸಾಕು.

ಎಲ್ಲ ಮುಗಿದ ಮೇಲೆ ನಿಮ್ಮ ಲಾಗಿನ್‌ನಲ್ಲೇ ನೋಡಿ ಸುಮ್ಮನಾಗಬೇಡಿ. ಆಳಂದದವರ ಲಾಗಿನ್‌ನಲ್ಲಿ ಕೂತು ಫೈಲ್ ತೆಗೆದು ಸೇವ್ ಮಾಡಿ, ಸೇಡಂನವರ ಲಾಗಿನ್‌ಗೆ ಹೋಗಿ ಮ್ಯಾಕ್ರೋಗೆ ಅನುಮತಿ ಕೊಡದೆ ತೆಗೆಯಿರಿ. ಒಂದು ಸಾಲೂ ಕಾಣಬಾರದು. ಆಮೇಲೆ ಅನುಮತಿ ಕೊಡಿ, ಸೇಡಂ ಸಾಲುಗಳು ಮಾತ್ರ ಬರಬೇಕು. ಕೊನೆಗೆ ಹಂಚಿಕೆಯಲ್ಲಿ ಹೆಸರೇ ಇಲ್ಲದ ಒಂದು ಲಾಗಿನ್‌ನಿಂದಲೂ ತೆಗೆದು, ಶೀಟ್ ಖಾಲಿ ಬರುತ್ತದಾ ಅಂತ ನೋಡಿ.