ಮೋಡದ ಎತ್ತರ ನೋಡಿಕೊಂಡು ಹೊರಟದ್ದು: ಸಾವೋ ಮಿಗೆಲ್ ದ್ವೀಪದಲ್ಲಿ ನನ್ನ ಅನುಭವ

ಅಜೋರ್ಸ್ ದ್ವೀಪಸಮೂಹದ ಸಾವೋ ಮಿಗೆಲ್‌ಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೋಗಿದ್ದಾಗ ಏನನ್ನೂ ನೋಡಲಿಲ್ಲ ಎಂದರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಲಿಸ್ಬನ್ನಿನಲ್ಲಿ ಕೆಲಸಕ್ಕಿರುವ ನನಗೆ, ಅಟ್ಲಾಂಟಿಕ್ ಸಾಗರದ ನಡುವಿನ ಈ ಒಂಬತ್ತು ಜ್ವಾಲಾಮುಖಿ ದ್ವೀಪಗಳಲ್ಲಿ ದೊಡ್ಡದಾದ ಇದಕ್ಕೆ ಹೋಗುವುದು ಬೆಂಗಳೂರಿನಿಂದ ದೆಹಲಿಗೆ ಹೋದಷ್ಟೇ ಸಲೀಸು. ಹಾಗಾಗಿ ಹೆಚ್ಚು ಯೋಚಿಸದೆ ಒಂದು ದಿನದ ವ್ಯಾನ್ ಪ್ರವಾಸಕ್ಕೆ ಹಣ ಕಟ್ಟಿದೆ. ವ್ಯಾನಿನವರು ಮೊದಲೇ ಗೊತ್ತುಮಾಡಿದ್ದ ಕ್ರಮದಲ್ಲಿ ಮೂರು ವ್ಯೂ ಪಾಯಿಂಟುಗಳಲ್ಲಿ ನಿಲ್ಲಿಸಿದರು, ಮೂರರಲ್ಲೂ ಕಂಡದ್ದು ಬರೀ ಬಿಳಿ. ವಿಸ್ತಾ ದೊ ರೇಯ್‌ನಲ್ಲಿ ಒದ್ದೆಯಾದ ಕಟಾಂಜನಕ್ಕೆ ಒರಗಿ ನಿಂತಿದ್ದ ನಮ್ಮೆದುರು ಗೈಡ್ ಲ್ಯಾಮಿನೇಟ್ ಮಾಡಿಸಿದ ಫೋಟೋ ಒಂದನ್ನು ಎತ್ತಿ ಹಿಡಿದು, ಹತ್ತಿರದಲ್ಲಿ ಹಸಿರು ಸರೋವರ, ಅದರಾಚೆ ನೀಲಿ ಸರೋವರ ಎಂದು ಬೆರಳಿಟ್ಟು ತೋರಿಸಿದರು. ಆ ಫೋಟೋ ಅವರ ಜೇಬಿನಲ್ಲಿ ಸದಾ ಸಿದ್ಧವಾಗಿರುತ್ತಿತ್ತು ಎಂಬುದೇ ನನ್ನನ್ನು ಯೋಚನೆಗೆ ಹಚ್ಚಿತು.

ಚಿಕ್ಕಮಗಳೂರಿನ ಕಡೆಯವನಾದ ನನಗೆ ಕಾರಣ ಹೊಳೆಯಬೇಕಿತ್ತು. ಊರಿನಲ್ಲಿ ಬಿಸಿಲು ಕಾಯುತ್ತಿರುವಾಗಲೂ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಮೋಡ ಕೂತಿರುವುದನ್ನು ನೋಡುತ್ತಲೇ ಬೆಳೆದವನು ನಾನು. ಸಮುದ್ರದ ತೇವ ಹೊತ್ತ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ, ಏರುತ್ತ ತಣಿಯುತ್ತದೆ, ತಣಿದಲ್ಲಿ ಮೋಡವಾಗುತ್ತದೆ. ನಮ್ಮ ಘಟ್ಟಗಳಲ್ಲಿ ಮಳೆಗಾಲಕ್ಕೆ ಮಾತ್ರ ಜೋರಾಗಿ ನಡೆಯುವ ಈ ವ್ಯವಹಾರ, ಸುತ್ತಲೂ ನೀರಿರುವ ಜ್ವಾಲಾಮುಖಿ ದ್ವೀಪದಲ್ಲಿ ವರ್ಷವಿಡೀ ನಡೆಯುತ್ತಿರುತ್ತದೆ. ಜ್ವಾಲಾಮುಖಿಯ ಬಾಯಿ ನೋಡಬೇಕಾದರೆ ಅದರ ಅಂಚಿಗೆ ಹತ್ತಬೇಕು, ಮೋಡ ಬಂದು ಕೂರುವುದೂ ಆ ಅಂಚಿನ ಮೇಲೆಯೇ. ಹಾಗಾಗಿ ಇಲ್ಲಿ ಯಾವ ಜಾಗ ಚೆನ್ನ ಎಂಬ ಪ್ರಶ್ನೆಗಿಂತ, ಈ ಹೊತ್ತಿನಲ್ಲಿ ಯಾವ ಎತ್ತರ ತೆರೆದಿದೆ ಎಂಬ ಪ್ರಶ್ನೆ ಮುಖ್ಯ.

ಎರಡನೆಯ ಸಲ, ಒಂದು ಮೇ ತಿಂಗಳಲ್ಲಿ, ಐದು ದಿನದ ಮಟ್ಟಿಗೆ ಬಾಡಿಗೆ ಕಾರು ಹಿಡಿದು ಹೋದೆ. ಹೊರಡುವ ಮೊದಲು ನೋಟ್‌ಬುಕ್ಕಿನಲ್ಲಿ ಒಂದೊಂದು ಮಿರಾದೋರುವಿನ (ಪೋರ್ಚುಗೀಸರು ವ್ಯೂ ಪಾಯಿಂಟಿಗೆ ಹೇಳುವ ಹೆಸರು ಇದು) ಎದುರು ಎರಡೇ ವಿಷಯ ಬರೆದುಕೊಂಡಿದ್ದೆ: ಅದು ಎಷ್ಟು ಎತ್ತರದಲ್ಲಿದೆ, ಅಲ್ಲಿ ನಿಂತವನ ಮುಖ ಯಾವ ದಿಕ್ಕಿಗಿರುತ್ತದೆ. ಮೂರನೆಯ ಉಪಕರಣ ಫೋನಿನಲ್ಲಿತ್ತು. ಸ್ಪಾಟ್ ಅಜೋರ್ಸ್ ಎಂಬ ಸೇವೆಯವರು ದ್ವೀಪಗಳ ಆಯಕಟ್ಟಿನ ಜಾಗಗಳಲ್ಲಿ ಕ್ಯಾಮೆರಾಗಳನ್ನಿಟ್ಟು ಅಲ್ಲಿಯ ನೋಟವನ್ನು ನೇರವಾಗಿ ತೋರಿಸುತ್ತಾರೆ. ಪೊಂತಾ ದೆಲ್ಗಾದ ಪಟ್ಟಣದಲ್ಲಿ ನಾನಿದ್ದ ಮನೆಯ ಅಡುಗೆಕೋಣೆಯಲ್ಲಿ ಕಾಫಿ ಲೋಟ ಹಿಡಿದು, ಬೆಳಗಿನ ಏಳು ಗಂಟೆಯಿಂದ ಅರ್ಧ ಗಂಟೆಗೊಮ್ಮೆ ಆ ಚಿತ್ರಗಳನ್ನು ನೋಡುವುದೇ ನನ್ನ ನಿತ್ಯಕರ್ಮವಾಯಿತು. ಹವಾಮಾನ ವರದಿಯನ್ನು ಎರಡನೆಯ ದಿನಕ್ಕೇ ಕೈಬಿಟ್ಟೆ. ಇಡೀ ದ್ವೀಪಕ್ಕೆ ಒಂದೇ ಹವಾಮಾನವಿದೆ ಎಂಬಂತೆ ಅದು ಮಾತನಾಡುತ್ತಿತ್ತು, ಆದರೆ ಉತ್ತರ ತೀರದಲ್ಲಿ ಜಿನುಗು ಮಳೆಯಿದ್ದಾಗ ದಕ್ಷಿಣ ತೀರದವರು ಬಟ್ಟೆ ಒಣಗಿಸುತ್ತಿದ್ದರು.

ಸೆತೆ ಸಿದಾದೆಶ್ ಎಂಬುದು ದ್ವೀಪದ ಪಶ್ಚಿಮ ತುದಿಯಲ್ಲಿರುವ, ಸುಮಾರು ಐದು ಕಿ.ಮೀ. ಅಗಲದ ಜ್ವಾಲಾಮುಖಿ ಕುಂಡ. ಜ್ವಾಲಾಮುಖಿ ಒಳಕ್ಕೆ ಕುಸಿದು ಉಂಟಾದ ಈ ತಗ್ಗಿನ ತಳದಲ್ಲಿ ಅವಳಿ ಸರೋವರಗಳಿವೆ, ನಡುವೆ ಒಂದು ಕಿರಿದಾದ ಸೇತುವೆ. 1901ರಲ್ಲಿ ಪೋರ್ಚುಗಲ್‌ನ ರಾಜ ಒಂದನೇ ಕಾರ್ಲೋಸ್ ಬಂದು ನಿಂತು ನೋಡಿದ್ದರಿಂದ ಅದರ ದಕ್ಷಿಣದ ಅಂಚಿಗೆ ವಿಸ್ತಾ ದೊ ರೇಯ್, ಅಂದರೆ ರಾಜನೋಟ, ಎಂಬ ಹೆಸರು ಬಂತು. ಅಲ್ಲಿ ನಿಂತವನ ಮುಖ ಉತ್ತರಕ್ಕಿರುವುದರಿಂದ ಮಧ್ಯಾಹ್ನದ ಸೂರ್ಯ ಬೆನ್ನ ಹಿಂದಿರುತ್ತಾನೆ. ನೀಲಿ, ಹಸಿರು ಎಂದು ಎಲ್ಲರೂ ಹೊಗಳುವ ಬಣ್ಣಗಳು ಬೇರೆಬೇರೆಯಾಗಿ ಕಾಣುವುದು ಬಿಸಿಲು ಮೇಲಿನಿಂದ ನೀರಿನೊಳಕ್ಕೆ ಇಳಿದಾಗ ಮಾತ್ರ, ಮೋಡವಿದ್ದರೆ ಎರಡೂ ಒಂದೇ ಬೂದು. ಪಕ್ಕದಲ್ಲೇ 1989ರಲ್ಲಿ ತೆರೆದು, ಎರಡು ವರ್ಷ ತುಂಬುವ ಮೊದಲೇ ಮುಚ್ಚಿಹೋದ ಐಷಾರಾಮಿ ಹೋಟೆಲಿನ ಅಸ್ಥಿಪಂಜರವಿದೆ. ನೋಟವನ್ನೇ ನಂಬಿ ಅಲ್ಲಿ ಕೋಣೆ ಹಿಡಿದವರಲ್ಲಿ ಎಷ್ಟು ಜನ ನನ್ನಂತೆ ಬಿಳಿ ಗೋಡೆ ನೋಡಿ ಹಿಂದಿರುಗಿದರೋ ಎಂದು ಅನ್ನಿಸದೆ ಇರಲಿಲ್ಲ.

ಆದರೆ ಒಂದೇ ಜಾಗಕ್ಕೆ ಸಮಯವಿದೆ ಎನ್ನುವವರಿಗೆ ನಾನು ರಾಜನೋಟವನ್ನಲ್ಲ, ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಗ್ರೋತಾ ದೊ ಇನ್‌ಫೆರ್ನುವನ್ನು ಹೇಳುತ್ತೇನೆ. ಕನಾರಿಯು ಸರೋವರದ ಕಾಡಿನ ದ್ವಾರದಲ್ಲಿ ಕಾರು ಬಿಟ್ಟು, ಸೀಡರ್ ಮರಗಳ ನಡುವೆ ನಡೆದು, ಕೊನೆಗೆ ಬೇಲಿ ಹಾಕಿದ ಏಣಿನ ಮೇಲಿನ ಮೆಟ್ಟಿಲುಗಳನ್ನು ಹತ್ತಬೇಕು. ಆ ಏಣು ಗದ್ದೆಯ ಬದುವಿನಷ್ಟೇ ಕಿರಿದು, ಎರಡೂ ಕಡೆ ನೆಲವೇ ಇಲ್ಲದಂತೆ ಇಳಿಜಾರು. ತುದಿಯಲ್ಲಿ ನಿಂತರೆ ಹತ್ತಿರದ ಸಾಂತಿಯಾಗು ಸರೋವರ, ಅದರಾಚೆ ಅವಳಿ ಸರೋವರಗಳು, ಬಿಳಿ ಮನೆಗಳ ಹಳ್ಳಿ, ಎದುರಿನ ಗೋಡೆ, ಗೋಡೆಯಾಚೆ ಸಮುದ್ರ, ಹೀಗೆ ಒಂದರ ಹಿಂದೊಂದು ಕಾಣುತ್ತವೆ. ಒಂದು ಬೆಟ್ಟ ಹೇಗೆ ಕುಸಿಯಿತು, ಕುಸಿದ ಹೊಟ್ಟೆಯೊಳಗೆ ಮತ್ತೆ ಸಣ್ಣ ಬಾಯಿಗಳು ಹೇಗೆ ಹುಟ್ಟಿಕೊಂಡವು ಎಂಬುದು ಪುಸ್ತಕವಿಲ್ಲದೆಯೇ ತಿಳಿಯುವುದು ಇಲ್ಲಿ. ಇದು ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಬೆಳಗಿನ ಹೊತ್ತೇ ಸರಿ. ನಾನು ಮೊದಲು ಸಂಜೆ ಹೋಗಿ, ಕಣ್ಣಿಗೆ ನೇರ ಹೊಡೆಯುವ ಬಿಸಿಲಿನಲ್ಲಿ ಕೈ ಅಡ್ಡ ಹಿಡಿದು ನಿಂತು, ಮರುದಿನ ಬೆಳಗ್ಗೆ ಮತ್ತೆ ಹೋಗಬೇಕಾಯಿತು.

ಲಗೋವಾ ದೊ ಫೋಗು, ಎಂದರೆ ಬೆಂಕಿಯ ಸರೋವರ, ದ್ವೀಪದ ನಡುವಿನಲ್ಲಿದೆ. ಅದನ್ನು ಹೊತ್ತ ಜ್ವಾಲಾಮುಖಿ ಸ್ಫೋಟಿಸಿದ್ದು 1563ರಲ್ಲಿ. ಅದನ್ನು ನೋಡುವ ಪೀಕು ದಾ ಬರೋಝಾ 947 ಮೀ. ಎತ್ತರದಲ್ಲಿದ್ದು, ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನದೂ ಎಲ್ಲಕ್ಕಿಂತ ಸತಾಯಿಸಿದ್ದೂ ಅದೇ. ಮೂರು ದಿನವೂ ಕ್ಯಾಮೆರಾದಲ್ಲಿ ಬೂದು ಬಣ್ಣವೇ. ನಾಲ್ಕನೆಯ ದಿನ ನಾಲ್ಕು ಗಂಟೆಯ ಸುಮಾರಿಗೆ ಚಿತ್ರದ ಮೂಲೆಯಲ್ಲಿ ನೀರಿನ ಒಂದು ತುಂಡು ಕಂಡದ್ದೇ ಕಾರು ಹತ್ತಿದೆ. ಮೇಲೆ ತಲುಪುವಷ್ಟರಲ್ಲಿ ಮತ್ತೆ ಮುಚ್ಚಿತ್ತು, ಗಾಳಿಗೆ ಕಾರಿನ ಬಾಗಿಲು ಕೈಯಿಂದ ಕಿತ್ತುಕೊಳ್ಳುತ್ತಿತ್ತು, ಬಂದವರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದರು. ಆದರೆ ಗಾಳಿ ಜೋರಾಗಿರುವುದು ಒಳ್ಳೆಯ ಲಕ್ಷಣ ಎಂದು ಅಷ್ಟರಲ್ಲಿ ಕಲಿತಿದ್ದೆ: ನಿಂತ ಮಂಜು ಗಂಟೆಗಟ್ಟಲೆ ಕದಲುವುದಿಲ್ಲ, ಓಡುವ ಮೋಡದಲ್ಲಿ ತೂತು ಬಂದೇ ಬರುತ್ತದೆ. ನಲವತ್ತು ನಿಮಿಷ ಕಾದ ಮೇಲೆ ತೂತು ಬಂತು. ಮೊದಲು ಕೆಳಗೆ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಿನ ಬಿಳಿ ದಡ, ಆಮೇಲೆ ನೀರು, ಆಮೇಲೆ ಹಿಂದುಗಡೆಯಿಂದ ಬಿದ್ದ ಬಿಸಿಲಿಗೆ ಎದುರಿನ ಕಡಿದಾದ ಹಸಿರು ಗೋಡೆ. ಎಂಟು ನಿಮಿಷದ ಬಳಿಕ ಪರದೆ ಬಿತ್ತು.

ಎತ್ತರದ ಜಾಗಗಳೆಲ್ಲ ಮುಚ್ಚಿದ ದಿನಗಳನ್ನು ತಗ್ಗಿನ ಜಾಗಗಳಿಗೆ ಇಟ್ಟುಕೊಂಡೆ. ಉತ್ತರ ತೀರದ ಸಾಂತಾ ಇರಿಯಾದಿಂದ ಒಂದರ ಹಿಂದೊಂದು ಸಮುದ್ರಕ್ಕೆ ಚಾಚಿದ ಕಡಿಬಂಡೆಗಳು ಕಾಣುತ್ತವೆ, ಹತ್ತಿರದಲ್ಲೇ 1883ರಿಂದ ನಡೆಯುತ್ತಿರುವ ಗೊರ್ರೆಯಾನಾ ಚಹಾ ತೋಟವಿದೆ. ಕಾಫಿ ಊರಿನವನು ಯೂರೋಪಿನಲ್ಲಿ ಚಹಾ ತೋಟದ ನಡುವೆ ನಿಂತು ಸಮುದ್ರ ನೋಡುವುದು ಒಂದು ತಮಾಷೆಯೇ ಸರಿ. ಫುರ್ನಾಶ್‌ನಲ್ಲಿ ಪೀಕು ದೊ ಫೆರ್ರುವಿನ ಮೇಲಿನಿಂದ ಸರೋವರದ ದಡದಲ್ಲಿ ಏಳುವ ಹಬೆಯನ್ನು ನೋಡಿ, ಕೆಳಗಿಳಿದು, ಕುದಿಯುವ ಬುಗ್ಗೆಯಲ್ಲಿ ಬೇಯಿಸಿ ಮಾರುವ ಮುಸುಕಿನ ಜೋಳದ ತೆನೆ ತಿಂದೆ. ಗಂಧಕದ ವಾಸನೆ ಬೆರಳುಗಳಲ್ಲಿ ಸಂಜೆಯವರೆಗೂ ಇತ್ತು. ಸೂರ್ಯಾಸ್ತಕ್ಕೆ ಪಶ್ಚಿಮದ ಪೊಂತಾ ದೊ ಎಸ್ಕಲ್ವಾದು ಸಾಕು, ಮೊಸ್ತೇರುಶ್‌ನ ಕಡಲಬಂಡೆಗಳ ಪಕ್ಕ ಸೂರ್ಯ ಇಳಿಯುತ್ತಾನೆ.

ಕೊನೆಯ ದಿನ ಪೂರ್ವ ತುದಿಯ ಪೊಂತಾ ದಾ ಮದ್ರುಗಾದಕ್ಕೆ, ಹೆಸರೇ ಬೆಳಗಿನ ಜಾವವಾದ ಜಾಗಕ್ಕೆ, ಕತ್ತಲಲ್ಲೇ ಗಂಟೆಗೂ ಮೀರಿ ಕಾರು ಓಡಿಸಿಕೊಂಡು ಹೋದೆ. ಕ್ಯಾಮೆರಾ ನೋಡಿ ಹೊರಡಲು ಆ ಕತ್ತಲಲ್ಲಿ ನೋಡುವುದಕ್ಕೇನೂ ಇರಲಿಲ್ಲ. ದಿಗಂತದ ಮೇಲೆ ದಪ್ಪ ಮೋಡದ ಪಟ್ಟಿಯಿದ್ದು, ಸೂರ್ಯ ಹುಟ್ಟಿದ್ದು ಬೆಳಕಾದದ್ದರಿಂದ ಮಾತ್ರ ತಿಳಿಯಿತು. ಹೂದೋಟದ ನಡುವಿನ ಕಲ್ಲಿನ ಮೇಜಿನ ಮೇಲೆ ಮೊಸರನ್ನದ ಡಬ್ಬಿ ಬಿಚ್ಚಿದೆ. ಎಲ್ಲಿಂದಲೋ ಬಂದ ಒಂದು ಬೆಕ್ಕು ಮುಚ್ಚಳವನ್ನು ನೆಕ್ಕಿ ಮುಗಿಸಿ, ಇನ್ನೂ ಇದೆಯೇ ಎಂದು ನನ್ನ ಕಡೆ ನೋಡಿತು.