ಫಿಟ್ಸ್ ನಿಂತ ಮೇಲಿನ ಹತ್ತು ನಿಮಿಷ: ಪೊಲೀಸರಿಗೆ, ಆಂಬುಲೆನ್ಸ್‌ನವರಿಗೆ ಏನು ಹೇಳಬೇಕು?

ರಸ್ತೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಜನ ಓಡಿ ಬರುತ್ತಾರೆ. ಒಬ್ಬರು ಬೀಗದ ಕೈ ಗೊಂಚಲನ್ನು ಕೈಗೆ ತುರುಕುತ್ತಾರೆ, ಇನ್ನೊಬ್ಬರು ಈರುಳ್ಳಿ ತರಲು ಓಡುತ್ತಾರೆ, ಮತ್ತೊಬ್ಬರು ಚಪ್ಪಲಿ ಮೂಸಿಸುತ್ತಾರೆ. ಹೆಚ್ಚಿನವರಿಗೆ ಒಂದೆರಡು ನಿಮಿಷದಲ್ಲಿ ಸೆಳೆತ ತಾನಾಗಿಯೇ ನಿಲ್ಲುತ್ತದೆ. ಕಬ್ಬಿಣ ಕೊಟ್ಟಿದ್ದಕ್ಕೆ ನಿಂತಿತು ಅಂದುಕೊಂಡು ಜನ ಚದುರುತ್ತಾರೆ.

ಆದರೆ ಬಿದ್ದವರಿಗೆ ಆಗ ಇನ್ನೂ ಪೂರ್ತಿ ಎಚ್ಚರ ಬಂದಿರುವುದಿಲ್ಲ. ಕಣ್ಣು ಬಿಟ್ಟಿರುತ್ತಾರೆ, ಎಲ್ಲಿದ್ದೇನೆ ಅಂತ ಗೊತ್ತಿರುವುದಿಲ್ಲ. ಎದ್ದು ನಿಲ್ಲುತ್ತಾರೆ, ತೂರಾಡುತ್ತಾರೆ, ಹೆಸರು ಕೇಳಿದರೆ ತೊದಲುತ್ತಾರೆ, ಯಾರಾದರೂ ರಟ್ಟೆ ಹಿಡಿದರೆ ಕೊಸರಿಕೊಳ್ಳುತ್ತಾರೆ. ಆಗಷ್ಟೇ ಬಂದ ಪೊಲೀಸರಿಗೆ ಕಾಣುವುದು ಪ್ಯಾಂಟ್ ಒದ್ದೆಯಾದ, ತೂರಾಡುವ, ಹೇಳಿದ ಮಾತು ಕೇಳದ ಒಬ್ಬ ಮನುಷ್ಯ. ಕುಡಿದಿದ್ದಾನೆ ಅಂತ ತೀರ್ಮಾನ ಮಾಡಲು ಹತ್ತು ಸೆಕೆಂಡು ಸಾಕು. ಆಮೇಲೆ ಎಳೆದಾಟ, ಜೀಪು, ಠಾಣೆ.

ಇದನ್ನು ತಪ್ಪಿಸಲು ಸಾಧ್ಯವಿದೆ. ಮನೆಯವರು, ಅಕ್ಕಪಕ್ಕ ನಿಂತವರು, ಸಮವಸ್ತ್ರದಲ್ಲಿ ಇರುವವರು, ಮೂವರೂ ಒಂದಿಷ್ಟು ವಿಷಯ ತಿಳಿದುಕೊಂಡಿರಬೇಕು ಅಷ್ಟೆ.

ಕುಡಿದವರ ಹಾಗೆ ಕಾಣುವುದು ಯಾಕೆ?

ಫಿಟ್ಸ್ ಅಂದರೆ ನೆಲಕ್ಕೆ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬರುವುದು ಅಂತಲೇ ನಮ್ಮೆಲ್ಲರ ತಲೆಯಲ್ಲಿದೆ. ಬೀಳದೇ ಬರುವ ಫಿಟ್ಸ್ ಕೂಡ ಇದೆ. ಮೆದುಳಿನ ಒಂದು ಭಾಗದಲ್ಲಿ ಮಾತ್ರ ವಿದ್ಯುತ್ ಚಟುವಟಿಕೆ ಏರುಪೇರಾದಾಗ ಆ ವ್ಯಕ್ತಿ ನಿಂತಲ್ಲೇ ಇರಬಹುದು, ಸುಮ್ನೆ ನಡೆಯುತ್ತಲೂ ಇರಬಹುದು. ತುಟಿ ಚಪ್ಪರಿಸುತ್ತಾರೆ, ಏನೋ ಅಗಿಯುವ ಹಾಗೆ ಮಾಡುತ್ತಾರೆ, ಬಟ್ಟೆ ಎಳೆಯುತ್ತಾರೆ, ಕೈಗೆ ಸಿಕ್ಕ ವಸ್ತು ಹಿಡಿದುಕೊಂಡು ಹೊರಟುಬಿಡುತ್ತಾರೆ. ಕರೆದರೆ ಉತ್ತರ ಇಲ್ಲ. ಆಮೇಲೆ ಕೇಳಿದರೆ ಏನೂ ನೆನಪಿರುವುದಿಲ್ಲ. ಅಂಗಡಿಯಲ್ಲಿ ಇದು ಕಳ್ಳತನದ ಹಾಗೆ ಕಾಣುತ್ತದೆ. ಹೆಣ್ಣುಮಕ್ಕಳ ಮುಂದೆ ಶರ್ಟ್ ಗುಂಡಿ ಬಿಚ್ಚಿದರೆ ಏನಾಗಿ ಕಾಣುತ್ತದೆ ಅಂತ ಹೇಳಬೇಕಾಗಿಲ್ಲ.

ನನ್ನ ತಮ್ಮನಿಗೆ ಬರುವುದು ಇದೇ ತರಹದ್ದು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದ್ದು ನಿಂತು ಶರ್ಟಿನ ಗುಂಡಿ ಒಂದೊಂದೇ ಬಿಚ್ಚತೊಡಗಿದ. ನಾನು ನೀರಿನ ಬಾಟಲಿ ತರಲು ಎದುರಿನ ಅಂಗಡಿಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಅಲ್ಲಿದ್ದ ಪೇದೆಯೊಬ್ಬರು ಅವನ ಎರಡೂ ಕೈ ಹಿಂದಕ್ಕೆ ತಿರುಚಿ ಹಿಡಿದಿದ್ದರು, ಅವನು ಬಿಡಿಸಿಕೊಳ್ಳಲು ಮೈಯೆಲ್ಲಾ ಕೊಸರುತ್ತಿದ್ದ. ‘ಎಷ್ಟು ಕುಡಿದಿದ್ದೀಯ?’ ಅಂತ ಕೇಳುತ್ತಲೇ ಇದ್ದರು. ‘ಸಾರ್, ಫಿಟ್ಸ್ ಸಾರ್, ಕೈ ಬಿಡಿ, ಸುಮ್ಮನಾಗ್ತಾನೆ’ ಅಂದೆ. ನಂಬಲಿಲ್ಲ. ಅವನ ಜೇಬಿನಿಂದ ಆಸ್ಪತ್ರೆ ಚೀಟಿ ತೆಗೆದು ತೋರಿಸಿದ ಮೇಲೆ ಕೈ ಸಡಿಲಿಸಿದರು. ಬಿಟ್ಟ ಕೂಡಲೇ ಅವನು ಬೆಂಚಿನ ಮೇಲೆ ಕೂತ, ಅಷ್ಟೇ. ಆ ಪೇದೆ ಕೆಟ್ಟವರಲ್ಲ, ಆಮೇಲೆ ತಾವೇ ನೀರು ತಂದುಕೊಟ್ಟರು. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮಣಿಕಟ್ಟು ಮಾತ್ರ ವಾರವಿಡೀ ಊದಿತ್ತು.

ಹೀಗೆ ಕೊಸರುವುದು ಬೇಕಂತ ಮಾಡುವ ಜಗಳ ಅಲ್ಲ. ಪೂರ್ತಿ ಎಚ್ಚರವಿಲ್ಲದ ಮೆದುಳು, ಹಿಡಿದಿದ್ದನ್ನು ಬಿಡಿಸಿಕೊಳ್ಳಲು ನೋಡುತ್ತದೆ. ಇನ್ನಷ್ಟು ಗಟ್ಟಿಯಾಗಿ ಹಿಡಿದರೆ ಇನ್ನಷ್ಟು ಕೊಸರುತ್ತದೆ.

1. ಜೇಬಿನಲ್ಲಿ ಒಂದು ಕಾರ್ಡ್ ಇರಲಿ

ಗಟ್ಟಿ ಕಾಗದದ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆಯಿರಿ: ‘ನನಗೆ ಫಿಟ್ಸ್ ಕಾಯಿಲೆ ಇದೆ. ನಾನು ಕುಡಿದಿಲ್ಲ. ದಯವಿಟ್ಟು ಗಟ್ಟಿಯಾಗಿ ಹಿಡಿಯಬೇಡಿ. 5 ನಿಮಿಷಕ್ಕಿಂತ ಜಾಸ್ತಿ ಸೆಳೆತ ಇದ್ದರೆ 108ಕ್ಕೆ ಕರೆ ಮಾಡಿ.’ ಅದರ ಕೆಳಗೆ ಹೆಸರು, ಮನೆಯ ಇಬ್ಬರ ಫೋನ್ ನಂಬರ್, ಮಾತ್ರೆಗಳ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅನ್ನುವುದು. ಲ್ಯಾಮಿನೇಷನ್ ಮಾಡಿಸಿ, ಪರ್ಸಿನ ಮೊದಲ ಖಾನೆಯಲ್ಲೇ ಇಡಿ. ಮೊಬೈಲ್‌ನಲ್ಲಿ ಲಾಕ್ ತೆಗೆಯದೆಯೇ ಕಾಣುವ ತುರ್ತು ಮಾಹಿತಿ ಅಂತ ಒಂದು ಸೌಲಭ್ಯ ಇರುತ್ತದೆ, ಅಲ್ಲೂ ಇದನ್ನೇ ತುಂಬಿಸಿ.

ಡಾಕ್ಟರ್ ಚೀಟಿಯ ಜೆರಾಕ್ಸ್ ಕೂಡ ಬೇಕು. ಕ್ಲೊಬಜಾಮ್, ಕ್ಲೊನಜೆಪಾಮ್, ಫಿನೋಬಾರ್ಬಿಟೋನ್ ಮಾತ್ರೆಗಳು ಫಿಟ್ಸ್‌ಗೆ ಕೊಡುವ ಸಾಮಾನ್ಯ ಔಷಧಿಗಳೇ, ಆದರೆ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇವೆ. ಬ್ಯಾಗ್ ತಪಾಸಣೆ ಆದಾಗ ಬಿಡಿ ಮಾತ್ರೆ ಸಿಕ್ಕರೆ ಪ್ರಶ್ನೆಗಳು ಬರುತ್ತವೆ. ಸ್ಟ್ರಿಪ್ ಸಮೇತ, ಚೀಟಿ ಸಮೇತ ಇಟ್ಟುಕೊಳ್ಳಿ. ಇನ್ನೊಂದು ವಿಷಯ: ಫೆನಿಟಾಯಿನ್‌ನಂಥ ಮಾತ್ರೆ ರಕ್ತದಲ್ಲಿ ಹೆಚ್ಚಾದರೆ ಫಿಟ್ಸ್ ಬರದೇ ಇದ್ದರೂ ನಡಿಗೆ ಓಲಾಡುತ್ತದೆ, ಮಾತು ತೊದಲುತ್ತದೆ. ಆಗಲೂ ಈ ಚೀಟಿಯೇ ಕೈ ಹಿಡಿಯುತ್ತದೆ.

ಕಾರ್ಡ್ ಇಟ್ಟುಕೊಂಡರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ಮದುವೆಗೆ ತೊಂದರೆ ಅಂತ ಎಷ್ಟೋ ಮನೆಗಳಲ್ಲಿ ಒಪ್ಪುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರವನ್ನು, ಅಂದರೆ ಫಿಟ್ಸ್ ಕಾಯಿಲೆಯನ್ನು, ಮದುವೆಗೆ ಅಡ್ಡಿ ಅಂತ ಹೇಳಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಕಾನೂನೇ ಬಿಟ್ಟ ಮಾತನ್ನು ನಾವು ಇನ್ನೂ ಹಿಡಿದುಕೊಂಡು ಮಗನನ್ನೋ ಮಗಳನ್ನೋ ಕಾರ್ಡ್ ಇಲ್ಲದೆ ಬೀದಿಗೆ ಕಳಿಸುವುದು ಸರಿಯಲ್ಲ, ಅಲ್ವಾ?

2. ಸೆಳೆತ ಇರುವಾಗ

ಮೊದಲು ಗಡಿಯಾರ ನೋಡಿ. ಇದು ಎಲ್ಲಕ್ಕಿಂತ ಮುಖ್ಯ. ಸುತ್ತಲಿನ ಕಲ್ಲು, ಗಾಜು, ಗಾಡಿ ದೂರ ಸರಿಸಿ. ತಲೆ ಕೆಳಗೆ ಏನಾದರೂ ಮೆತ್ತನೆಯದನ್ನು ಇಡಿ, ಕತ್ತಿನ ಗುಂಡಿ ಸಡಿಲಿಸಿ, ಸೆಳೆತ ಕಡಿಮೆಯಾದ ಕೂಡಲೇ ಒಂದು ಪಕ್ಕಕ್ಕೆ ಮಲಗಿಸಿ. ಬಾಯಿಗೆ ಏನೂ ಹಾಕಬಾರದು, ಚಮಚವನ್ನೂ, ಬೆರಳನ್ನೂ, ನೀರನ್ನೂ. ಕೈಕಾಲು ಒತ್ತಿ ಹಿಡಿಯಬೇಡಿ. ಒಬ್ಬರು ಮೊಬೈಲ್‌ನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿಕೊಂಡರೆ ಡಾಕ್ಟರಿಗೆ ತುಂಬಾ ಉಪಯೋಗ. ಆದರೆ ಅದು ಮನೆಯವರಿಗೆ ಮತ್ತು ಡಾಕ್ಟರಿಗೆ ಮಾತ್ರ, ವಾಟ್ಸ್ಆ್ಯಪ್ ಗುಂಪಿಗೆ ಅಲ್ಲ.

3. ಫೋನ್ ಮಾಡುವುದು ಯಾವಾಗ, ಏನು ಹೇಳಬೇಕು?

ಗೊತ್ತಿರುವ ಕಾಯಿಲೆ, ಎರಡು ನಿಮಿಷದ ಸೆಳೆತ, ನಿಧಾನವಾಗಿ ಎಚ್ಚರ ಬರುತ್ತಿದೆ ಅಂದರೆ ಪ್ರತಿ ಸಲವೂ ಆಂಬುಲೆನ್ಸ್ ಬೇಕಾಗುವುದಿಲ್ಲ. ಸೆಳೆತ 5 ನಿಮಿಷ ದಾಟಿದರೆ, ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ, ಇದೇ ಮೊದಲ ಸಲ ಆಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ನೀರಿನಲ್ಲಿ ಬಂದಿದ್ದರೆ, ಗರ್ಭಿಣಿ ಅಥವಾ ಸಕ್ಕರೆ ಕಾಯಿಲೆಯವರಾಗಿದ್ದರೆ, ಉಸಿರು ಸರಿಯಿಲ್ಲದಿದ್ದರೆ ತಡ ಮಾಡಬೇಡಿ. ಆ ವ್ಯಕ್ತಿ ಯಾರು, ಮೊದಲೂ ಬರುತ್ತಿತ್ತಾ ಅಂತ ಗೊತ್ತಿಲ್ಲದಿದ್ದರೂ ಅಷ್ಟೇ, ಫೋನ್ ಮಾಡಿ. ಕರ್ನಾಟಕದಲ್ಲಿ 108 ಸೇವೆ 2008ರಿಂದ ಇದೆ. 112ಕ್ಕೆ ಮಾಡಿದರೆ ಪೊಲೀಸ್, ಆಂಬುಲೆನ್ಸ್ ಎರಡೂ ಸಿಗುತ್ತದೆ.

ಇಲ್ಲಿ ಮಾತು ನೋಡಿಕೊಂಡು ಆಡಬೇಕು. ‘ಯಾರೋ ಬಿದ್ದಿದ್ದಾರೆ, ಗಲಾಟೆ ಮಾಡ್ತಿದ್ದಾರೆ’ ಅಂದರೆ ಬರುವವರು ಗಲಾಟೆ ನಿಲ್ಲಿಸುವ ಮನಸ್ಸಿನಲ್ಲೇ ಬರುತ್ತಾರೆ. ‘ಫಿಟ್ಸ್ ಬಂದಿದೆ, ಎಚ್ಚರ ಸರಿಯಾಗಿ ಬಂದಿಲ್ಲ, ಶುರುವಾಗಿ ಇಷ್ಟು ನಿಮಿಷ ಆಯಿತು’ ಅಂತ ಹೇಳಿ. ಆಮೇಲೆ ಜಾಗದ ಗುರುತು: ಯಾವ ವೃತ್ತ, ಯಾವ ದೇವಸ್ಥಾನದ ಎದುರು, ಯಾವ ಬಸ್ ಸ್ಟಾಪ್.

ಸಹಾಯ ಮಾಡಿದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ ಅನ್ನುವ ಹೆದರಿಕೆ ಬೇಡ. ತುರ್ತು ಸಂದರ್ಭದಲ್ಲಿ ನೆರವಾದವರ ರಕ್ಷಣೆಗೆ ಅಂತಲೇ ನಮ್ಮ ರಾಜ್ಯ 2016ರಲ್ಲಿ ಕಾಯ್ದೆ ಮಾಡಿದೆ.

4. ಪೊಲೀಸರು ಬಂದಾಗ

ಹೊಯ್ಸಳ ಗಾಡಿಯೇ ಇರಲಿ, ಬೀಟ್ ಪೇದೆಯೇ ಇರಲಿ, ಎದುರು ಹೋಗಿ ಜೋರು ಮಾಡಬೇಡಿ. ಮೂರು ಮಾತು ಸಾಕು: ‘ಸಾರ್, ಇವರಿಗೆ ಫಿಟ್ಸ್ ಕಾಯಿಲೆ ಇದೆ. ಈಗ ಏನು ಹೇಳಿದರೂ ಅರ್ಥ ಆಗಲ್ಲ. ಹಿಡಿಯದೆ ಬಿಟ್ಟರೆ ತಾನಾಗೇ ಸರಿಹೋಗ್ತಾರೆ.’ ಇಷ್ಟು ಹೇಳಿ ಕಾರ್ಡ್ ಕೈಗೆ ಕೊಡಿ.

ಪೊಲೀಸರು ಇದನ್ನು ಓದುತ್ತಿದ್ದರೆ, ನಿಮಗೂ ನಾಲ್ಕು ಮಾತು. ನಾಲಿಗೆ ಅಥವಾ ಕೆನ್ನೆಯ ಒಳಗೆ ಕಚ್ಚಿಕೊಂಡ ಗಾಯ, ಬಟ್ಟೆಯಲ್ಲಿ ಮೂತ್ರ, ಮೈಮೇಲೆ ಹೊಸ ತರಚು, ಎಲ್ಲೋ ನೆಟ್ಟ ನೋಟ ಕಂಡರೆ ಫಿಟ್ಸ್ ಇರಬಹುದು ಅಂತ ಮೊದಲು ಯೋಚಿಸಿ. ಬಾಯಿಂದ ಹೆಂಡದ ವಾಸನೆ ಬಂದರೂ ಫಿಟ್ಸ್ ಅಲ್ಲ ಅಂತ ಹೇಳಲಾಗದು, ದಿನಾ ಕುಡಿಯುವವರು ಏಕಾಏಕಿ ಬಿಟ್ಟಾಗಲೂ ಫಿಟ್ಸ್ ಬರುತ್ತದೆ. ಸಮಾಧಾನದ ದನಿಯಲ್ಲಿ ಮಾತಾಡಿ, ಒಂದೇ ಮಾತನ್ನು ನಿಧಾನವಾಗಿ ಹೇಳಿ. ರಸ್ತೆಯ ಕಡೆಗೋ ಮೆಟ್ಟಿಲ ಕಡೆಗೋ ನಡೆದರೆ ಕೈ ಅಡ್ಡ ಇಟ್ಟು ದಾರಿ ತಿರುಗಿಸಿದರೆ ಸಾಕು, ಹಿಂದಿನಿಂದ ತಬ್ಬಿ ಹಿಡಿಯುವುದು ಬೇಡ.

ಬೋರಲು ಹಾಕಿ ಬೆನ್ನ ಮೇಲೆ ಮಂಡಿ ಊರುವುದನ್ನಂತೂ ಮಾಡಲೇಬಾರದು. ಸೆಳೆತದಿಂದ ಸುಸ್ತಾದ ದೇಹಕ್ಕೆ ಮೊದಲೇ ಉಸಿರು ಸಾಲದು. ಎದೆ ಒತ್ತಿಹೋದರೆ ಉಸಿರೇ ನಿಂತು ಪ್ರಾಣ ಹೋಗಬಹುದು. ಕೈ ಹಿಂದಕ್ಕೆ ಕಟ್ಟಿ ಬೇಡಿ ಹಾಕಿದಾಗ ಇನ್ನೊಂದು ಫಿಟ್ಸ್ ಬಂದರೆ ಭುಜದ ಕೀಲೇ ಜಾರಬಹುದು.

ಎಚ್ಚರ ಬರಲು ಎಷ್ಟು ಹೊತ್ತು? ಸಾಮಾನ್ಯವಾಗಿ 5ರಿಂದ 30 ನಿಮಿಷ, ಕೆಲವರಿಗೆ ಗಂಟೆಗಟ್ಟಲೆ. ಅಷ್ಟು ಹೊತ್ತು ಒಬ್ಬ ಪೇದೆ ಪಕ್ಕದಲ್ಲಿ ನಿಂತು ಜನರನ್ನು ದೂರ ಇಟ್ಟರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

5. ಆಂಬುಲೆನ್ಸ್‌ನವರಿಗೆ ಬೇಕಾದ ಮಾಹಿತಿ

ಅವರು ಕೇಳುವ ಮೊದಲೇ ಹೇಳಿ: ಶುರುವಾಗಿದ್ದು ಎಷ್ಟು ಗಂಟೆಗೆ, ಎಷ್ಟು ಸಲ ಬಂತು, ಮಧ್ಯೆ ಎಚ್ಚರ ಬಂತಾ, ತಲೆಗೆ ಏಟು ಬಿದ್ದಿದೆಯಾ, ಯಾವ ಮಾತ್ರೆ, ಇವತ್ತು ತೆಗೆದುಕೊಂಡಿದ್ದಾರಾ. ಸೆಳೆತ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಾಜೋಲಾಮ್ ಸ್ಪ್ರೇ ಡಾಕ್ಟರ್ ಬರೆದುಕೊಟ್ಟಿದ್ದು ನೀವು ಆಗಲೇ ಕೊಟ್ಟಿದ್ದರೆ, ಎಷ್ಟು ಸಲ ಒತ್ತಿದಿರಿ, ಎಷ್ಟು ಹೊತ್ತಿಗೆ ಒತ್ತಿದಿರಿ ಅನ್ನುವುದನ್ನು ಹೇಳಲೇಬೇಕು. ಆಂಬುಲೆನ್ಸ್‌ನಲ್ಲೂ ಅದೇ ಗುಂಪಿನ ಔಷಧಿ ಕೊಡಬಹುದು. ಜಾಸ್ತಿಯಾದರೆ ಉಸಿರು ನಿಧಾನವಾಗುತ್ತದೆ.

ಒಳ್ಳೆಯ ಸಿಬ್ಬಂದಿ ಮೊದಲು ಪಕ್ಕಕ್ಕೆ ತಿರುಗಿಸಿ ಬಾಯಿಯ ಜೊಲ್ಲು ತೆಗೆಯುತ್ತಾರೆ, ಆಕ್ಸಿಜನ್ ಹಾಕುತ್ತಾರೆ, ಬೆರಳ ತುದಿ ಚುಚ್ಚಿ ಸಕ್ಕರೆ ನೋಡುತ್ತಾರೆ. ಈ ಕೊನೆಯದು ಬಹಳ ಮುಖ್ಯ, ಯಾಕೆಂದರೆ ಸಕ್ಕರೆ ತುಂಬಾ ಇಳಿದರೂ ಫಿಟ್ಸ್ ಬರುತ್ತದೆ, ಅದಕ್ಕೆ ಗ್ಲೂಕೋಸ್ ಕೊಟ್ಟರೆ ನಿಲ್ಲುತ್ತದೆ. ನೋಡದಿದ್ದರೆ ‘ಶುಗರ್ ಒಂದು ಸಲ ನೋಡ್ತೀರಾ?’ ಅಂತ ನೀವೇ ಕೇಳಿ. 5 ನಿಮಿಷ ದಾಟಿದ ಸೆಳೆತ ತಾನಾಗಿ ನಿಲ್ಲುವುದು ಕಷ್ಟ. ಅದನ್ನು ನಿಲ್ಲಿಸಲು ಮಿಡಾಜೋಲಾಮ್ ಅಥವಾ ಲೊರಾಜೆಪಾಮ್ ಬೇಕು. ನರ ಹುಡುಕುತ್ತಾ ಕೂರುವ ಬದಲು ಮಿಡಾಜೋಲಾಮ್ ಅನ್ನು ತೊಡೆಗೆ ಚುಚ್ಚಿದರೂ ಕೆಲಸ ಮಾಡುತ್ತದೆ ಅಂತ ಅಮೆರಿಕದ ಆಂಬುಲೆನ್ಸ್‌ಗಳಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2012ರಲ್ಲಿ ತೋರಿಸಿತು. ನಮ್ಮಲ್ಲಿ ಎಲ್ಲಾ ಆಂಬುಲೆನ್ಸ್‌ನಲ್ಲೂ ಒಂದೇ ಸೌಲಭ್ಯ ಇರುವುದಿಲ್ಲ, ಹಾಗಾಗಿ ಹತ್ತಿರದ, ಐಸಿಯು ಇರುವ ಆಸ್ಪತ್ರೆಗೆ ಮೊದಲು ಹೋಗಿ. ದೂರದ ನಿಮ್ಹಾನ್ಸೇ ಆಗಬೇಕು ಅಂತ ಗಂಟೆ ಕಳೆಯಬೇಡಿ, ಅಲ್ಲಿಗೆ ಆಮೇಲೆ ಹೋಗಬಹುದು.

ಗರ್ಭಿಣಿಯಾಗಿದ್ದರೆ ಅದನ್ನೇ ಮೊದಲ ಮಾತಾಗಿ ಹೇಳಿ. ಬಿಪಿ ಏರಿ ಬರುವ ಫಿಟ್ಸ್‌ಗೆ ಕೊಡುವ ಔಷಧಿಯೇ ಬೇರೆ.

ಸ್ಟ್ರೆಚರ್ ಮೇಲೆ ಕೊಸರುತ್ತಿದ್ದಾರೆ ಅಂತ ಕೈಕಾಲು ಕಟ್ಟಲು ಬಂದರೆ, ‘ಅಣ್ಣಾ, ನಾನು ಪಕ್ಕ ಕೂತು ಮಾತಾಡಿಸ್ತೀನಿ, ಕಟ್ಟಬೇಡಿ’ ಅಂತ ಕೇಳಿಕೊಳ್ಳಿ. ಪರಿಚಯದ ದನಿ ಕೇಳಿದರೆ ಎಷ್ಟೋ ಜನ ಸುಮ್ಮನಾಗುತ್ತಾರೆ. ಬೀಳದ ಹಾಗೆ ಹಾಕುವ ಬೆಲ್ಟ್ ಬೇರೆ, ಅದು ಬೇಕು.

6. ಠಾಣೆಗೆ ಕರೆದುಕೊಂಡು ಹೋಗಿಬಿಟ್ಟರೆ

ಮೊದಲ ಕೆಲಸ ಮಾತ್ರೆ ತಲುಪಿಸುವುದು. ಫಿಟ್ಸ್ ಮಾತ್ರೆ ಏಕಾಏಕಿ ತಪ್ಪಿದರೆ ನಿಲ್ಲದ ಸೆಳೆತ ಬರಬಹುದು, ಲಾಕಪ್ಪಿನಲ್ಲಿ ಅದು ಜೀವಕ್ಕೇ ಅಪಾಯ. ಚೀಟಿ, ಸ್ಟ್ರಿಪ್ ಎರಡನ್ನೂ ಠಾಣಾಧಿಕಾರಿಗೆ ಕೊಟ್ಟು, ‘ರಾತ್ರಿ ಇಷ್ಟು ಗಂಟೆಗೆ ಈ ಮಾತ್ರೆ ಕೊಡಲೇಬೇಕು’ ಅಂತ ಬರೆದ ಕಾಗದಕ್ಕೆ ಸ್ವೀಕೃತಿ ಪಡೆಯಿರಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ನಿಮಗೆ ಬೇಕಾದ ಸೆಕ್ಷನ್‌ಗಳಿವೆ. ಬಂಧಿಸಿದರೆ ಕಾರಣ ಹೇಳಬೇಕು (47), ಮನೆಯವರಿಗೆ ತಿಳಿಸಬೇಕು (48), ಡಾಕ್ಟರಿಂದ ಪರೀಕ್ಷೆ ಮಾಡಿಸಬೇಕು (53), ಬಂಧಿತರ ಆರೋಗ್ಯ ನೋಡಿಕೊಳ್ಳುವುದು ಪೊಲೀಸರ ಹೊಣೆ (56), 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು (58). ಜಗಳ ಬೇಡ, 53 ಮತ್ತು 56ನ್ನು ಹೆಸರಿಸಿ ಕೇಳಿ. ಡಾಕ್ಟರಿಗೆ ನಾಲಿಗೆಯ ಗಾಯ ತೋರಿಸಿ, ಬರೆಸಿಕೊಳ್ಳಿ. ಒಂದೆರಡು ದಿನದಲ್ಲಿ ಅದು ಮಾಸಿಹೋಗಬಹುದು. ಕುಡಿದಿಲ್ಲ ಅಂತ ಗೊತ್ತಿದ್ದರೆ ರಕ್ತಪರೀಕ್ಷೆಯನ್ನು ನೀವೇ ಕೇಳಿ. ಕಾಗದಪತ್ರದಲ್ಲಿ ‘ಮಾನಸಿಕ ಅಸ್ವಸ್ಥ’ ಅಂತ ಬರೆಯಲು ಹೊರಟರೆ ತಡೆಯಿರಿ, ಅಪಸ್ಮಾರ ನರಗಳಿಗೆ, ಮೆದುಳಿಗೆ ಸಂಬಂಧಿಸಿದ ಕಾಯಿಲೆ.

7. ಮನೆಗೆ ಬಂದ ಮೇಲೆ

ಅವತ್ತೇ ಕೂತು ಬರೆದಿಡಿ: ಸಮಯ, ಜಾಗ, ಗಾಡಿ ನಂಬರ್, ಸಿಬ್ಬಂದಿಯ ಎದೆಯ ಮೇಲಿನ ಹೆಸರು, ನೋಡಿದವರ ಫೋನ್ ನಂಬರ್. ಹೊಡೆದಿದ್ದರೆ, ಗಾಯವಾಗಿದ್ದರೆ ಫೋಟೊ ತೆಗೆದು, ಮೊದಲು ಎಸ್‌ಪಿ ಅಥವಾ ಡಿಸಿಪಿ ಕಚೇರಿಗೆ ದೂರು ಕೊಡಿ. ಅಲ್ಲಿ ಆಗದಿದ್ದರೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ, ಮಾನವ ಹಕ್ಕುಗಳ ಆಯೋಗ ಇದೆ. ಚೆನ್ನಾಗಿ ನೋಡಿಕೊಂಡಿದ್ದರೆ ಆ ಠಾಣೆಗೆ ಎರಡು ಸಾಲಿನ ಪತ್ರವನ್ನಾದರೂ ಬರೆಯಿರಿ, ಉಳಿದ ಪೇದೆಗಳ ಕಿವಿಗೂ ಅದು ಬೀಳುತ್ತದೆ.

ಆಮೇಲೆ ನರರೋಗ ತಜ್ಞರ ಹತ್ತಿರ ಹೋಗಿ. ವಿಡಿಯೊ ತೋರಿಸಿ. ನಿದ್ದೆಗೆಟ್ಟಿತ್ತಾ, ಜ್ವರ ಇತ್ತಾ, ಮಾತ್ರೆ ತಪ್ಪಿತ್ತಾ, ಅಂಗಡಿಯವರು ಕಂಪನಿ ಬದಲಿಸಿ ಕೊಟ್ಟಿದ್ದರಾ ಅನ್ನುವುದನ್ನೆಲ್ಲಾ ಮುಚ್ಚಿಡದೆ ಹೇಳಿ. ಡೋಸ್ ಬದಲಾದರೆ ಜೇಬಿನ ಕಾರ್ಡನ್ನೂ ಅವತ್ತೇ ಹೊಸದಾಗಿ ಬರೆಯಿರಿ.